‘ಹುಳಿ ಅನಿಲ’, ‘ಸಿಹಿ ಅನಿಲ’ ಎನ್ನಬಹುದೇ?

ಮಿತ್ರರೇ,

ಹುಬ್ಬಳ್ಳಿಯ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನೈಸರ್ಗಿಕ ಅನಿಲದ ಸಂಸ್ಕರಣೆಯ ಬಗ್ಗೆ ಕನ್ನಡದಲ್ಲಿ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ದಾಭೋಲ್–ಬೆಂಗಳೂರು ಅನಿಲ ಕೊಳವೆ ಮಾರ್ಗ 2013ರಲ್ಲಿ ಚಾಲನೆಗೊಂಡಿತು. ಅದು ನಮ್ಮ ಧಾರವಾಡ, ಗದಗ ಜಿಲ್ಲೆಗಳನ್ನು ಹಾದೇ ಹೋಗುತ್ತದೆ. ಅವಳಿ ನಗರದ ಹಲವು ಅಡುಗೆಮನೆಗಳಲ್ಲಿ ಈಗ ಕೊಳವೆ ಅನಿಲವೇ ಉರಿಯುತ್ತದೆ. ಬಾವಿಯಿಂದ ಹೊರಟ ಅನಿಲ ಒಲೆ ಮುಟ್ಟುವಷ್ಟರಲ್ಲಿ ಏನೇನಾಗುತ್ತದೆ ಎಂಬುದನ್ನು ಹೇಳಲು ಹೊರಟಾಗ ಕೆಲವು ಪದಗಳು ತೊಡಕಾಗಿವೆ.

ದೊಡ್ಡ ತೊಡಕು ‘ಸೋರ್ ಗ್ಯಾಸ್’ ಮತ್ತು ‘ಸ್ವೀಟ್ ಗ್ಯಾಸ್’. ಬಾವಿಯ ಅನಿಲದಲ್ಲಿ ಮೀಥೇನ್ ಹೆಚ್ಚು. ಜತೆಗೆ ಈಥೇನ್, ಪ್ರೊಪೇನ್, ಬ್ಯೂಟೇನ್, ನೀರಾವಿ, ಇಂಗಾಲದ ಡೈಆಕ್ಸೈಡ್, ಕೆಲವೆಡೆ ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಈ ಕೊನೆಯದು ಮಿತಿ ಮೀರಿದ್ದರೆ ಆ ಅನಿಲ ‘ಸೋರ್’ (ಹುಳಿ), ಇಲ್ಲದಿದ್ದರೆ ‘ಸ್ವೀಟ್’ (ಸಿಹಿ). ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ; ವಾಸನೆ ಹೋಯಿತೆಂದು ನಂಬಿದವನ ಪ್ರಾಣಕ್ಕೇ ಅಪಾಯ. ನೀರಿನೊಂದಿಗೆ ಸೇರಿ ಉಕ್ಕನ್ನೂ ತಿನ್ನುತ್ತದೆ. ಮುಂಬೈ ಕಡಲಿನ ಬಸ್ಸೀನ್ ಕ್ಷೇತ್ರದ ಇಂತಹ ಅನಿಲವನ್ನು ಗುಜರಾತಿನ ಹಜೀರಾದಲ್ಲಿರುವ ಒಎನ್‌ಜಿಸಿ ಘಟಕ ಸಂಸ್ಕರಿಸುತ್ತದೆ.

ನಿಘಂಟು ಹಿಡಿದು ಹೊರಟರೆ ‘ಆಮ್ಲೀಯ ಅನಿಲ’ ಎಂಬ ಪದ ಸುಲಭವಾಗಿ ಕೈಗೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಉದ್ಯಮದಲ್ಲಿ ‘ಆಸಿಡ್ ಗ್ಯಾಸ್’ ಎಂಬ ಬೇರೊಂದು ಮಾತಿದೆ. ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಇಂಗಾಲದ ಡೈಆಕ್ಸೈಡ್ ಮಾತ್ರ ಹೇರಳವಾಗಿರುವ ಅನಿಲ ಆಮ್ಲೀಯವಾಗಿದ್ದರೂ ‘ಸೋರ್’ ಅಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಪಾಠವೇ ತಪ್ಪಾಗುತ್ತದೆ. ಆದ್ದರಿಂದ ‘ಹುಳಿ ಅನಿಲ’ ಎನ್ನುವುದೇ ಸರಿ ಎಂಬುದು ನನ್ನ ನಿಲುವು.

ಹಾಗಾದರೆ ‘ಸಿಹಿ ಅನಿಲ’ ವಿಚಿತ್ರವೆನಿಸುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನವಲಗುಂದ, ರೋಣದ ಎರೆ ಸೀಮೆಯಲ್ಲಿ ಸವುಳು ನೀರಿನ ಬಾವಿ, ಸಿಹಿ ನೀರಿನ ಬಾವಿ ಎಂದು ಹೇಳುತ್ತೇವೆ. ಅಲ್ಲಿ ಸಿಹಿ ಎಂದರೆ ಸಕ್ಕರೆಯ ರುಚಿಯಲ್ಲ, ಕೆಡಿಸುವ ಉಪ್ಪು ಇಲ್ಲ ಎಂದರ್ಥ. ಅನಿಲದ ‘ಸ್ವೀಟ್’ ಕೂಡ ಇದೇ ಬಗೆಯದು.

ಆದರೆ ‘ಸ್ವೀಟನಿಂಗ್’ ಎಂಬ ಕ್ರಿಯೆಯ ಹೆಸರಿಗೆ ಬಂದಾಗ ‘ಸಿಹಿಗೊಳಿಸುವುದು’ ನನಗೆ ಹಿಡಿಸುತ್ತಿಲ್ಲ. ಏನನ್ನೋ ಬೆರೆಸಿದಂತೆ ಕೇಳಿಸುತ್ತದೆ. ನಡೆಯುವುದು ತೆಗೆಯುವ ಕೆಲಸ. ಎತ್ತರದ ಗೋಪುರದಲ್ಲಿ ಅನಿಲ ಕೆಳಗಿನಿಂದ ಮೇಲೇರುತ್ತದೆ, ಅಮೀನ್ ಎಂಬ ಕ್ಷಾರೀಯ ರಾಸಾಯನಿಕದ ದ್ರಾವಣ ಮೇಲಿನಿಂದ ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ. ದಾರಿಯಲ್ಲಿ ದ್ರಾವಣವು ಆಮ್ಲೀಯ ಅನಿಲಗಳನ್ನು ಹೀರಿಕೊಳ್ಳುತ್ತದೆ. ಅದನ್ನು ಇನ್ನೊಂದು ಗೋಪುರದಲ್ಲಿ ಕಾಯಿಸಿದರೆ ಹೀರಿದ್ದನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಬಿಟ್ಟುಕೊಟ್ಟ ಹೈಡ್ರೋಜನ್ ಸಲ್ಫೈಡ್‌ನ ಮೂರನೇ ಒಂದು ಭಾಗವನ್ನು ಉರಿಸಿ, ಉಳಿದದ್ದರ ಜತೆ ವರ್ತಿಸುವಂತೆ ಮಾಡಿದರೆ ಗಂಧಕ ದೊರೆಯುತ್ತದೆ. ಇದೇ ಕ್ಲೌಸ್ (Claus) ವಿಧಾನ. ಇಡೀ ಹಂತಕ್ಕೆ ‘ಹುಳಿ ತೆಗೆಯುವಿಕೆ’ ಎಂದು ಬರೆದಿದ್ದೇನೆ. ಇನ್ನೂ ಅಡಕವಾದ ಪದವಿದ್ದರೆ ತಿಳಿಸಿ.

ಎರಡನೆಯದು ‘ಹಸಿ’. ಬಾವಿಯಿಂದ ಬಂದದ್ದನ್ನು ಹಸಿ ಅನಿಲ ಎನ್ನೋಣವೆಂದರೆ, ಹಸಿ ಹಾಲಿನ ಹಸಿಯೂ ಹಸಿ ಗೋಡೆಯ ಹಸಿಯೂ ನಮ್ಮಲ್ಲಿ ಒಂದೇ ಪದ. ‘ವೆಟ್ ಗ್ಯಾಸ್’ ಎಂಬ ಪಾರಿಭಾಷಿಕ ಪದವೂ ಇರುವುದರಿಂದ ಗೊಂದಲ ಖಚಿತ. ಅದರ ‘ವೆಟ್’ ನೀರಿನ ತೇವವಲ್ಲ: ದ್ರವವಾಗಬಲ್ಲ ಪ್ರೊಪೇನ್, ಬ್ಯೂಟೇನ್‌ಗಳಂತಹ ಭಾರದ ಹೈಡ್ರೋಕಾರ್ಬನ್‌ಗಳು ಹೆಚ್ಚಿವೆ ಎಂಬ ಸೂಚನೆ. ಅತಿ ಶೀತದಲ್ಲಿ ಅವನ್ನು ಬೇರ್ಪಡಿಸುತ್ತಾರೆ. ಸಿಲಿಂಡರಿನ ಎಲ್‌ಪಿಜಿಯ ಒಂದು ಪಾಲು ಬರುವುದು ಹೀಗೆಯೇ. ನೀರಾವಿಯನ್ನು ಗ್ಲೈಕಾಲ್ ಎಂಬ ನೀರು ಹೀರುವ ದ್ರವದಿಂದ ತೆಗೆಯುವುದು ಬೇರೆಯೇ ಹಂತ. ತೆಗೆಯದಿದ್ದರೆ ಒತ್ತಡದಲ್ಲಿ ನೀರೂ ಮೀಥೇನೂ ಸೇರಿ, ಸೊನ್ನೆ ಡಿಗ್ರಿಗಿಂತ ಮೇಲೆಯೇ ಮಂಜುಗಡ್ಡೆಯಂತಹ ಹರಳಾಗಿ ಕೊಳವೆಯನ್ನು ಕಟ್ಟಿಬಿಡುತ್ತವೆ. ‘ಕಚ್ಚಾ ತೈಲ’ ರೂಢಿಯಲ್ಲಿರುವುದರಿಂದ ಬಾವಿಯಿಂದ ಬಂದದ್ದಕ್ಕೆ ‘ಕಚ್ಚಾ ಅನಿಲ’ ಸಾಕು. ‘ವೆಟ್’ಗೆ ‘ಆರ್ದ್ರ’ ಎಂದರೂ ‘ತೇವ’ ಎಂದರೂ ನೀರೇ ನೆನಪಾಗುತ್ತದೆ. ‘ದ್ರವಾಂಶಯುಕ್ತ’ ಎಂದು ಬಿಡಿಸಿ ಹೇಳಿದರೆ ನಡೆಯುತ್ತದೆಯೇ?

ಕೊನೆಯದಾಗಿ ‘ಕಂಡೆನ್ಸೇಟ್’: ಬಾವಿಯ ಬಾಯಲ್ಲೇ ಅನಿಲದಿಂದ ಬೇರೆಯಾಗುವ ಹಗುರ ಎಣ್ಣೆ. ‘ಸಾಂದ್ರಿತ’ ಎಂದರೆ ಮಕ್ಕಳು ಸಾಂದ್ರತೆಯ ಕಡೆಗೆ ಹೋಗುತ್ತಾರೆ, ‘ಘನೀಕೃತ’ ಎಂದರೆ ಗಟ್ಟಿಯಾದದ್ದು ಎಂದುಕೊಳ್ಳುತ್ತಾರೆ. ಹಜೀರಾದಂತಹ ಘಟಕಗಳಲ್ಲಿ ದುಡಿದ ಕನ್ನಡಿಗರು ತಮ್ಮತಮ್ಮಲ್ಲಿ ಇದನ್ನು ಏನೆಂದು ಕರೆಯುತ್ತಾರೆ? ತಿಳಿದವರು ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ಬರೆಯಿರಿ.