ಶೆಲ್ಟರಿನಿಂದ ತಂದ ಮುದಿ ನಾಯಿ, ರಾತ್ರಿಯಿಡೀ ಮನೆಯೊಳಗೇ ಉಚ್ಚೆ. ಏನು ಮಾಡೋದು?

ಕೋಡಿಬಾಗ_ಕಾಕಾ:
ತಲೆ ಕೆಟ್ಟು ಹೋಗಿದೆ. ಕಾರವಾರದಲ್ಲಿ ನಮ್ಮದು ಸಣ್ಣ ಮನೆ. ಶೆಲ್ಟರಿನಿಂದ ಒಂಬತ್ತು ವರ್ಷದ ಹೆಣ್ಣುನಾಯಿ ತಂದಿದ್ದೇವೆ, ಊರನಾಯಿಯೇ. ಹಗಲು ದೇವರಂಥ ಪ್ರಾಣಿ. ರಾತ್ರಿ ಮಾತ್ರ ಎದ್ದೆದ್ದು ಹಾಲ್‌ನಲ್ಲೇ ಕೆರೆ ಮಾಡ್ತದೆ. ಹಿಂದಿನ ಬಾಗಿಲು ತೆರೆದಿಟ್ಟರೂ ಅಷ್ಟೇ. ಮನೆಯೊಳಗೆ ಇದ್ದು ರೂಢಿಯಿದೆ ಅಂತ ಹೇಳಿಯೇ ಕೊಟ್ಟಿದ್ದರು. ಹೆಂಡತಿ ವಾಪಸ್ ಬಿಟ್ಟು ಬನ್ನಿ ಅಂತಿದ್ದಾಳೆ. ಈ ವಯಸ್ಸಿನಲ್ಲಿ ಟ್ರೇನಿಂಗ್ ಹತ್ತುತ್ತದೋ ಇಲ್ಲವೋ, ಅಷ್ಟು ಹೇಳಿ.

ಸೊಪ್ಪಿನಬೆಟ್ಟ_ಶಿರಸಿ:
ಟ್ರೇನಿಂಗ್ ಅಲ್ಲ ಮಾರಾಯ್ರೆ, ಉಣ್ಣೆ ಜ್ವರ. ನೂರಕ್ಕೆ ನೂರು. ರಕ್ತ ಕೊಟ್ಟು ಪ್ಲೇಟ್‌ಲೆಟ್ ನೋಡಿಸಿ, ಎರ್ಲಿಕಿಯಾ (ಉಣ್ಣೆಯಿಂದ ಬರೋ ರೋಗಾಣು) ಇದ್ದರೆ ಡಾಕ್ಸಿಸೈಕ್ಲಿನ್ 28 ದಿನ. ನಮ್ಮ ತೋಟದ ನಾಯಿಗೂ ಹೀಗೇ ಆಗಿತ್ತು.

ಮೂರುನಾಯಿ_ಕುಮಟಾ:
ತಡೀರಿ. ಆಪರೇಷನ್ ಆಗಿದೆಯಾ? ಕಿವಿ ತುದಿ ಕತ್ತರಿಸಿದೆಯಾ ನೋಡಿ, ಸಂತಾನಹರಣ ಆದದ್ದಕ್ಕೆ ಅದೇ ಗುರುತು. ದಿನಕ್ಕೆ ನೀರು ಎಷ್ಟು ಕುಡಿತದೆ? ತೂಕ ಎಷ್ಟು? ಯಾವುದಾದರೂ ಔಷಧಿ ನಡೀತಿದೆಯಾ?

ಕೋಡಿಬಾಗ_ಕಾಕಾ:
ಎಡಗಿವಿ ತುದಿ ಕತ್ತರಿಸಿದೆ. ತೂಕ 18 ಕೆಜಿ. ನೀರು ಸುಮಾರು ಕುಡಿತದೆ, ಸೆಖೆ ಅಲ್ವಾ. ಔಷಧಿ ಏನಿಲ್ಲ. ತಿನ್ನೋದು ಕೇಳ್ಬೇಡಿ, ಬಂಗಡೆ ತೊಳೆದ ನೀರನ್ನೂ ಬಿಡೋದಿಲ್ಲ, ಮೊನ್ನೆ ಕಟ್ಟೆ ಮೇಲಿಟ್ಟ ಹಸಿ ಹಿಟ್ಟು ಪಾತ್ರೆ ಸಮೇತ ಕೆಳಗೆ ಎಳೆದು ಮುಗಿಸಿದೆ.

ಸೊಪ್ಪಿನಬೆಟ್ಟ_ಶಿರಸಿ:
ಉಣ್ಣೆ ಜ್ವರ ಹಳೆಯದಾದರೆ ಕಿಡ್ನಿಗೆ ಇಳಿತದೆ. ಆಗಲೂ ಉಚ್ಚೆ ಜಾಸ್ತಿ.

ಮೂರುನಾಯಿ_ಕುಮಟಾ:
ಕಿಡ್ನಿ ಹೋದ ನಾಯಿ ಹಿಟ್ಟಿನ ಪಾತ್ರೆ ಕದಿಯೋದಿಲ್ಲ, ಅನ್ನವನ್ನೇ ಮೂಸೋದಿಲ್ಲ.

ಅಘನಾಶಿನಿ_ದಂಡೆ:
ಉಣ್ಣೆ ಇರೋ ನಾಯಿನ ಮನೆಯೊಳಗೆ ಬಿಟ್ಟುಕೊಂಡಿದ್ದೀರಾ? ಸಿದ್ದಾಪುರದ ಕಡೆ ಮಂಗನ ಕಾಯಿಲೆ ಹೇಗೆ ಬರ್ತದೆ ಗೊತ್ತಲ್ಲ?

ಸೊಪ್ಪಿನಬೆಟ್ಟ_ಶಿರಸಿ:
ಅದು ಬೇರೆ ಉಣ್ಣೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು, ಅದನ್ನು ಹರಡೋದು ಹೆಚ್ಚಾಗಿ ಕಾಡಿನ ಹೀಮಾಫೈಸಾಲಿಸ್ ಉಣ್ಣೆ. ನಾಯಿ ಕಿವಿಯಲ್ಲಿ ಹುಣಸೆ ಬೀಜದ ಹಾಗೆ ಕೂತಿರೋದು ಕಂದು ಉಣ್ಣೆ. ಸುಮ್ನೆ ಹೆದರಿಸಬೇಡಿ.

ಅಘನಾಶಿನಿ_ದಂಡೆ:
ಬೆಟ್ಟಕ್ಕೆ ಸೊಪ್ಪು ತರಲು ಹೋಗುವಾಗ ನಾಯಿ ಹಿಂದೆಯೇ ಬರ್ತದಲ್ಲ, ಆಗ ಯಾವ ಉಣ್ಣೆ ಹತ್ತುತ್ತದೆ ಅಂತ ನೀವೇನು ಎಣಿಸಿ ನೋಡಿದ್ದೀರಾ?

ಕೋಡಿಬಾಗ_ಕಾಕಾ:
ಸ್ವಾಮಿ, ನಮ್ಮನೆ ಸಮುದ್ರದ ಬದಿ. ಬೆಟ್ಟಕ್ಕೆ ಯಾರೂ ಹೋಗೋದಿಲ್ಲ. ನನ್ನ ಹಾಲ್ ಬಗ್ಗೆ ಮಾತಾಡಿ.

ರಬಕವಿ_ಟು_ಅಂಕೋಲಾ:
ಸಿಂಪಲ್. ಸಂಜೆ ಏಳರ ಮೇಲೆ ನೀರಿನ ಬಟ್ಟಲು ಎತ್ತಿಡಿ.

ಮೂರುನಾಯಿ_ಕುಮಟಾ:
ದಯವಿಟ್ಟು ಅದನ್ನು ಮಾಡಬೇಡಿ. ಉಚ್ಚೆ ಹೆಚ್ಚಾಗಿದ್ದಕ್ಕೇ ಬಾಯಾರಿಕೆ ಹೆಚ್ಚಾಗಿದ್ದರೆ, ನೀರು ತಪ್ಪಿಸಿದಾಗ ಮೈ ಒಣಗಿ ಡ್ರಿಪ್ ಹಾಕೋ ಪರಿಸ್ಥಿತಿ ಬರ್ತದೆ. ಕಾಕಾ, ಅಳತೆಯ ಬಾಟಲಿಯಿಂದ ಬಟ್ಟಲಿಗೆ ಸುರೀರಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೀರಿ. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ ಅದು ಸೆಖೆಯ ಲೆಕ್ಕ ಅಲ್ಲ. ನಿಮ್ಮದಕ್ಕೆ 1.8 ಲೀಟರ್ ಗಡಿ. ಮಲಗಿದ ಜಾಗ ಒದ್ದೆಯೋ, ಎದ್ದು ನಿಂತು ಮಾಡ್ತದೋ, ಅದನ್ನೂ ನೋಡಿ. ಆಪರೇಷನ್ ಆದ ಮುದಿ ಹೆಣ್ಣುನಾಯಿಗಳಿಗೆ ನಿದ್ದೆಯಲ್ಲೇ ಸೋರೋದು ಬೇರೆ ಸಮಸ್ಯೆ.

ಕೋಡಿಬಾಗ_ಕಾಕಾ:
ಅಳೆದೆ. ಎರಡೂವರೆ ಲೀಟರಿಗೆ ಹತ್ತಿರ. ಎದ್ದು ನಿಂತೇ ಮಾಡ್ತದೆ, ಬಣ್ಣವೇ ಇಲ್ಲ, ನೀರಿನ ಹಾಗೆ. ಜೊತೆಗೆ ಫ್ಯಾನ್ ಕೆಳಗೆ ಮಲಗಿದ್ದರೂ ತೇಕ್ತದೆ. ಕಜ್ಜಿ ಮಾತ್ರ ಪೂರ್ತಿ ಕಡಿಮೆ, ಮಾತ್ರೆ ಚೆನ್ನಾಗಿ ಹಿಡಿದಿದೆ.

ಮೂರುನಾಯಿ_ಕುಮಟಾ:
ಯಾವ ಮಾತ್ರೆ??

ಕೋಡಿಬಾಗ_ಕಾಕಾ:
ಶೆಲ್ಟರಿನವರು ಚೀಟಿಯಲ್ಲಿ ಕಟ್ಟಿಕೊಟ್ಟದ್ದು. ಸಣ್ಣ ಬಿಳಿ ಮಾತ್ರೆ, ದಿನಕ್ಕೆ ಎರಡು. ಅದು ತುರಿಕೆಗೆ. ಉಚ್ಚೆಗೂ ಅದಕ್ಕೂ ಎಂತ ಸಂಬಂಧ?

ಮೂರುನಾಯಿ_ಕುಮಟಾ:
ಫೋನ್ ಮಾಡಿ ಹೆಸರು ಕೇಳಿ. ಪ್ರೆಡ್ನಿಸೊಲೋನ್ ಆಗಿದ್ದರೆ ಸಂಬಂಧ ಪೂರ್ತಿ ಅದೇ. ಬಾಯಾರಿಕೆ, ನೀರಿನಂಥ ಉಚ್ಚೆ, ಹೊಟ್ಟೆಬಾಕತನ, ತೇಕೋದು, ಎಲ್ಲ ಸ್ಟೀರಾಯ್ಡಿನ ಲಕ್ಷಣ. ಆದರೆ ಇವತ್ತೇ ನಿಲ್ಲಿಸಬೇಡಿ! ಬಹಳ ದಿನ ಕೊಟ್ಟಿದ್ದರೆ ದೇಹ ತನ್ನ ಸ್ಟೀರಾಯ್ಡ್ ಮಾಡೋದನ್ನೇ ಮರೆತಿರ್ತದೆ. ವೈದ್ಯರು ಹೇಳಿದ ಹಾಗೆ ಹಂತ ಹಂತವಾಗಿ ಡೋಸ್ ಇಳಿಸಬೇಕು. ಇನ್ನೊಂದು: ಇದರ ಜೊತೆ ಯಾವ ನೋವಿನ ಮಾತ್ರೆಯನ್ನೂ ಸೇರಿಸಬೇಡಿ, ಹೊಟ್ಟೆಯಲ್ಲಿ ಹುಣ್ಣಾಗ್ತದೆ. ಮನೆಯಲ್ಲಿರೋ ಐಬುಪ್ರೊಫೇನ್ ಅಂತೂ ನಾಯಿಗೆ ವಿಷವೇ.

ಸೊಪ್ಪಿನಬೆಟ್ಟ_ಶಿರಸಿ:
ಆದರೂ ಪ್ಲೇಟ್‌ಲೆಟ್ ಒಮ್ಮೆ ನೋಡಿಸಿ.

ಹೊನ್ನಾವರ_ಹಂಚಿನಮನೆ:
ನಾನಾದರೆ ಕ್ಯಾಮೆರಾ ಹಾಕ್ತಿದ್ದೆ. ನಮ್ಮಲ್ಲಿ ಹಳೇ ಕೊಟ್ಟಿಗೆಯ ಅರ್ಧಕ್ಕೆ ಅಡಿಕೆ ದಬ್ಬೆಯ ಗೋಡೆ, ಕೆಳಗೆ ರಬ್ಬರ್ ಮ್ಯಾಟು, ಮೂಲೆಯಲ್ಲಿ ರಾತ್ರಿ ಕಾಣೋ ಕ್ಯಾಮೆರಾ, ಕರೆಂಟ್ ಹೋದರೆ ಇನ್ವರ್ಟರ್. ಮಳೆಗಾಲದಲ್ಲಿ ಮನೆಯವರಿಗೆ ಇಲ್ಲದ ಸುಖ ನಾಯಿಗೆ.

ರಬಕವಿ_ಟು_ಅಂಕೋಲಾ:
ರಬ್ಬರ್ ಮ್ಯಾಟು ಎಷ್ಟು ದಪ್ಪದ್ದು? ನಮ್ಮ ಮುದುಕ ಟೈಲ್ಸ್ ಮೇಲೆ ಜಾರಿ ಏಳೋಕೇ ಆಗೋದಿಲ್ಲ.

ಹೊನ್ನಾವರ_ಹಂಚಿನಮನೆ:
ದನಕ್ಕೆ ಹಾಸೋದೇ. ಫೋಟೋ ಹಾಕ್ತೇನೆ.

ಕೋಡಿಬಾಗ_ಕಾಕಾ:
ಡಾಕ್ಟರ ಹತ್ರ ಹೋಗಿ ಬಂದೆ. ಮಾತ್ರೆ ಅದೇ. ಉಚ್ಚೆಯಲ್ಲಿ ಸಕ್ಕರೆ ಇಲ್ಲ, ಕಿಡ್ನಿಯ ಕ್ರಿಯಾಟಿನಿನ್ ಸರಿ ಇದೆ, ಪ್ಲೇಟ್‌ಲೆಟ್ಟೂ ಸರಿ ಇದೆ ಶಿರಸಿಯವರೇ. ಲಿವರಿನ ಎಎಲ್‌ಪಿ ಜಾಸ್ತಿ, ಅದೂ ಸ್ಟೀರಾಯ್ಡಿಂದ ಏರ್ತದಂತೆ. ಡೋಸ್ ಇಳಿಸೋಕೆ ಬರೆದುಕೊಟ್ಟಿದ್ದಾರೆ. ಪೂರ್ತಿ ಬಿಟ್ಟ ಮೇಲೂ ನೀರು ಕಡಿಮೆಯಾಗದಿದ್ದರೆ ಕುಶಿಂಗ್ (ದೇಹವೇ ಸ್ಟೀರಾಯ್ಡ್ ಅತಿಯಾಗಿ ಮಾಡೋ ಕಾಯಿಲೆ) ಪರೀಕ್ಷೆ ಅಂದರು. ಹೆಂಡತಿ ಅಲ್ಲಿವರೆಗೆ ಒಪ್ಪಿದ್ದಾಳೆ. ತುರಿಕೆ ವಾಪಸ್ ಬಂದರೆ ಏನು ಮಾಡೋದು ಅಂತ ಯಾರಾದರೂ ಹೇಳಿ.

ಸೊಪ್ಪಿನಬೆಟ್ಟ_ಶಿರಸಿ:
ತುರಿಕೆ ಅಂದರೆ ಉಣ್ಣೆಯದ್ದೇ ಇರಬೇಕು.

ರಬಕವಿ_ಟು_ಅಂಕೋಲಾ:
ಹಂಚಿನಮನೆಯವರೇ, ಮ್ಯಾಟಿನ ಫೋಟೋ?