ಅಕ್ಕ ಅಮೆರಿಕದ ನಾಗರಿಕಳಾದಳು, ತಮ್ಮನಿಗೆ ಎಫ್4 ಅರ್ಜಿ: ಜನನ ದಾಖಲೆ, ಬದಲಾದ ಹೆಸರು, ಮಕ್ಕಳ ವಯಸ್ಸು

ತೋಟದಕೇರಿ_ಶಿರಸಿ:

ಅಕ್ಕ ಕಳೆದ ತಿಂಗಳು ಅಮೆರಿಕದ ಪೌರತ್ವದ ಪ್ರಮಾಣವಚನ ಮಾಡಿದಳು. ನನ್ನ ಹೆಸರಿಗೆ ಐ-130 (ಸಂಬಂಧಿಕರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಅರ್ಜಿ, ಒಡಹುಟ್ಟಿದವರದ್ದು ಎಫ್4 ವರ್ಗ) ಹಾಕುತ್ತೇನೆ, ದಾಖಲೆ ಕಳಿಸು ಎನ್ನುತ್ತಿದ್ದಾಳೆ. ತೊಡಕು ಇರುವುದು ದಾಖಲೆಯಲ್ಲೇ. ಅವಳು ಹುಟ್ಟಿದ್ದು 1979ರಲ್ಲಿ, ಸಿದ್ದಾಪುರ ತಾಲೂಕಿನ ಅಜ್ಜನಮನೆಯಲ್ಲಿ. ಜನನ ಪ್ರಮಾಣಪತ್ರ ಇಲ್ಲ. ನಾನು 1983ರಲ್ಲಿ ಶಿರಸಿ ಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿದವನು. ಪ್ರಮಾಣಪತ್ರ ಇದೆ, ಆದರೆ ಹೆಸರಿನ ಜಾಗ ಖಾಲಿ, ‘ಗಂಡು’ ಎಂದಷ್ಟೇ ಇದೆ. ಮದುವೆಯಲ್ಲಿ ಅಕ್ಕನ ಹೆಸರನ್ನೂ ಬದಲಿಸಿದ್ದಾರೆ, ಈಗಿನ ಕಾಗದಗಳಲ್ಲೆಲ್ಲ ಹೊಸ ಹೆಸರೇ ಇದೆ.

ಕೇಳಬೇಕಾದದ್ದು ಇಷ್ಟು: ಯಾವ ಯಾವ ಕಾಗದ ಬೇಕು? ಮಕ್ಕಳಿಗೆ 13 ಮತ್ತು 8 ವರ್ಷ, ಅವರಿಗೂ ಬೇರೆ ಅರ್ಜಿ ಹಾಕಬೇಕೇ? ಅರ್ಜಿ ಹಾಕಿದ ಮೇಲೆ ಅಕ್ಕನ ಮನೆಗೆ ಪ್ರವಾಸಿ ವೀಸಾದಲ್ಲಿ ಹೋಗಿಬರಲು ಅಡ್ಡಿ ಆಗುತ್ತದೆಯೇ?

ಉತಾರ_ಕುಮಟಾ:

ಮೊದಲು ಅರ್ಜಿಯ ತಿರುಳು ಏನೆಂದು ತಿಳಿಯಿರಿ. ಅಕ್ಕ ನಾಗರಿಕಳು, ಅವಳಿಗೆ 21 ತುಂಬಿದೆ, ನಿಮ್ಮಿಬ್ಬರಿಗೆ ಕನಿಷ್ಠ ಒಬ್ಬ ತಂದೆ ಅಥವಾ ತಾಯಿ ಒಂದೇ. ಈ ಮೂರನ್ನು ಕಾಗದದ ಮೇಲೆ ತೋರಿಸಿದರೆ ಸಾಕು. ನಾಗರಿಕತ್ವಕ್ಕೆ ಅವಳ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಅಥವಾ ಅಮೆರಿಕದ ಪಾಸ್‌ಪೋರ್ಟಿನ ಪ್ರತಿ. ಸಂಬಂಧಕ್ಕೆ ಇಬ್ಬರದ್ದೂ ಜನನ ಪ್ರಮಾಣಪತ್ರ. ನಿಮ್ಮದೊಂದನ್ನೇ ಕಳಿಸಿ ಅವಳದ್ದನ್ನು ಮರೆಯುವವರು ಬಹಳ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಅಪ್ಪ ಅಮ್ಮ ಒಂದೇ ಎಂದು ಕಾಣುವುದು. ಫೋಟೊ, ಐ-130ಎ ಇವೆಲ್ಲ ಗಂಡ ಹೆಂಡತಿ ಅರ್ಜಿಗೆ, ನಿಮಗೆ ಬೇಡ.

ಅಕ್ಕನ ದಾಖಲೆಯನ್ನು ಶಿರಸಿಯಲ್ಲಿ ಹುಡುಕಬೇಡಿ. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವ ನಮ್ಮ ಕಡೆ ಅರ್ಧ ದಾಖಲೆ ‘ಇಲ್ಲ’ ಎನಿಸಿಕೊಳ್ಳುವುದು ಇದೇ ಕಾರಣಕ್ಕೆ. ಸಿದ್ದಾಪುರ ತಹಶೀಲ್ದಾರ್ ಕಚೇರಿಯಲ್ಲಿ ಆ ಊರಿನ ಹಳೆಯ ಜನನ ರಜಿಸ್ಟರ್ ತೆಗೆಸಿ, ಅಜ್ಜನ ಹೆಸರು, ಅಮ್ಮನ ಹೆಸರು ಎರಡರಿಂದಲೂ ಹುಡುಕಿಸಿ. 1979 ಒಂದೇ ಸಾಲದು, ಹಿಂದಿನ ಮುಂದಿನ ವರ್ಷವನ್ನೂ ನೋಡಿಸಿ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಎಂದು ಬರೆದುಬಿಟ್ಟಿದ್ದರೆ ನಿಜವಾದ ತಾರೀಕು ಬೇರೆಲ್ಲೋ ಇರುತ್ತದೆ.

ಸಿಗದಿದ್ದರೆ, ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತೆಗೆದುಕೊಳ್ಳಿ, ನಮೂನೆ 10. ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕಿಂತ ಮುಂಚೆ ಹುಟ್ಟಿದವರಿಗೆ ಈ ಪತ್ರದ ಜೊತೆ ಶಾಲಾ ದಾಖಲೆ, ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಇಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಕ್ಕ ಹುಟ್ಟಿದ್ದು ಆಮೇಲೆ, ಹಾಗಾಗಿ ತಡವಾದ ನೋಂದಣಿಯನ್ನೂ ಮಾಡಿಸುವುದೇ ಸರಿ. ಒಂದು ವರ್ಷ ಮೀರಿದ ಜನನಕ್ಕೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಕಾಯ್ದೆ ಆ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಸಿದ್ದಾಪುರ ಶಿರಸಿ ಉಪವಿಭಾಗಕ್ಕೆ ಸೇರುತ್ತದೆ, ಅಂದರೆ ಶಿರಸಿಯ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಆದರೆ ನೆನಪಿಡಿ, ನಲವತ್ತು ವರ್ಷ ಕಳೆದ ಮೇಲೆ ಮಾಡಿಸಿದ ಪ್ರಮಾಣಪತ್ರವನ್ನು ಅಮೆರಿಕದ ಅಧಿಕಾರಿ ಒಂಟಿಯಾಗಿ ನಂಬುವುದಿಲ್ಲ. ನೋಂದಣಿಯ ದಿನಾಂಕ ಅದರಲ್ಲೇ ಅಚ್ಚಾಗಿರುತ್ತದೆ. ಜೊತೆಗೆ ಹಳೆಯ ಕಾಗದ ಬೇಕು: ಪ್ರಾಥಮಿಕ ಶಾಲೆಯ ಜನರಲ್ ರಜಿಸ್ಟರಿನ (ಮಕ್ಕಳ ದಾಖಲಾತಿ ಪುಸ್ತಕ) ಉತಾರ, ಅಂದರೆ ನಕಲು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಇಬ್ಬರೂ ಮಕ್ಕಳ ಹೆಸರಿರುವ ಹಳೆಯ ರೇಷನ್ ಕಾರ್ಡ್. ಹುಟ್ಟಿದ್ದನ್ನು ಕಣ್ಣಾರೆ ಬಲ್ಲ ಹಿರಿಯರಿಬ್ಬರ ಅಫಿಡವಿಟ್ ಕೂಡ. ಸೋದರಮಾವ, ದೊಡ್ಡಮ್ಮ ಇದ್ದರೆ ಈ ತಿಂಗಳೇ ಬರೆಸಿಕೊಳ್ಳಿ, ಮುಂದೆ ಆ ಸಾಕ್ಷಿ ಸಿಗುವುದಿಲ್ಲ. ಅದರಲ್ಲಿ ಅವರ ಪೂರ್ಣ ಹೆಸರು, ವಿಳಾಸ, ಅವರು ಹುಟ್ಟಿದ ದಿನ ಮತ್ತು ಸ್ಥಳ, ನಿಮಗೆ ಏನಾಗಬೇಕು, ವಿಷಯ ಹೇಗೆ ಗೊತ್ತು ಎಂಬುದೆಲ್ಲ ಇರಲಿ. ನಾಡಕಚೇರಿಯ ವಂಶವೃಕ್ಷ ಪೂರಕವಾಗಿ ಇಡಬಹುದು, ಅದೊಂದೇ ಸಾಲದು.

ನಿಮ್ಮ ಹೆಸರಿಲ್ಲದ ಪ್ರಮಾಣಪತ್ರದಿಂದ ಆ ಅಪ್ಪ ಅಮ್ಮನಿಗೆ ಒಂದು ಗಂಡುಮಗು ಹುಟ್ಟಿದ್ದು ಸಾಬೀತಾಗುತ್ತದೆ, ಆ ಮಗು ನೀವೇ ಎಂಬುದು ಆಗುವುದಿಲ್ಲ. ಶಿರಸಿ ನಗರಸಭೆಯ ಜನನ ಮರಣ ವಿಭಾಗದಲ್ಲಿ ಹೆಸರು ಸೇರ್ಪಡೆಗೆ ಅರ್ಜಿ ಕೊಡಿ. ವರ್ಷ ಮೀರಿತು ಎಂದು ನಿರಾಕರಿಸಿದರೆ ಆ ಉತ್ತರವನ್ನು ಲಿಖಿತವಾಗಿ ಪಡೆದು, ಶಾಲೆಯ ಉತಾರದ ಜೊತೆ ಲಗತ್ತಿಸಿ.

ತೋಟದಕೇರಿ_ಶಿರಸಿ:

ಅಮ್ಮನ ಹೆಸರೂ ಎರಡು ಥರ ಇದೆ. ಅಜ್ಜನಮನೆ ಕಡೆಯ ಕಾಗದದಲ್ಲಿ ತವರಿನ ಹೆಸರು, ನನ್ನ ದಾಖಲೆಯಲ್ಲಿ ಮದುವೆಯ ನಂತರದ್ದು. ಇದು ದೊಡ್ಡ ತೊಂದರೆಯೇ? ಇನ್ನೊಂದು, 2009ರಿಂದ 2012ರವರೆಗೆ ನಾನು ದುಬೈಯಲ್ಲಿ ಕೆಲಸದಲ್ಲಿದ್ದೆ.

ಉತಾರ_ಕುಮಟಾ:

ತೊಂದರೆ ಹೌದು, ಆದರೆ ದಾಟಬಹುದಾದ್ದು. ಅಪ್ಪನ ಹೆಸರು ಎರಡೂ ಕಡೆ ಒಂದೇ ಇದ್ದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಒಬ್ಬ ಪಾಲಕ ಒಂದಾದರೆ ಸಾಕು. ಆದರೆ ಅಪ್ಪನ ಮೂಲಕ ಸಂಬಂಧ ತೋರಿಸುವಾಗ ಅಪ್ಪ ಅಮ್ಮನ ಮದುವೆಯ ಪುರಾವೆಯೂ ಬೇಕು. ಆಗಿನ ಮದುವೆಗಳು ನೋಂದಣಿ ಆಗಿರುವುದಿಲ್ಲ. ಇಬ್ಬರೂ ಇದ್ದರೆ ಈಗಲೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಲಗ್ನಪತ್ರಿಕೆ ಉಳಿದಿದ್ದರೆ ಹೆಬ್ಬಾಗಿಲ ಮೇಲಿನ ತೋರಣಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳಿ.

ಅಕ್ಕನ ಹೆಸರಿಗೆ ಕೊಂಡಿ ಕೊಂಡಿಯಾಗಿ ಸರಪಳಿ ಕಟ್ಟಬೇಕು. ಶಾಲೆಯ ಕಾಗದದಲ್ಲಿ ಹುಟ್ಟುಹೆಸರು, ವಿವಾಹ ನೋಂದಣಿ ಪತ್ರದಲ್ಲಿ ಎರಡರ ಸಂಬಂಧ, ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ಅಪ್ಪ, ಅಮ್ಮ, ಗಂಡನ ಹೆಸರು, ಕೊನೆಗೆ ಪೌರತ್ವದ ಸರ್ಟಿಫಿಕೇಟ್. ಅವಳು ಈಗ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐಗೆ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಅರ್ಜಿ ಹಾಕುತ್ತಾಳೆ. ಒಪ್ಪಿಸುವ ಮೊದಲೇ ಕೊನೆಯ ಪುಟ ಸೇರಿ ಎಲ್ಲ ಪುಟ ಸ್ಕ್ಯಾನ್ ಮಾಡಿಸಿ. ಅಪ್ಪ ಅಮ್ಮನ ಹೆಸರು ಇರುವುದು ಆ ಕೊನೆಯ ಪುಟದಲ್ಲೇ. ಐ-130ರಲ್ಲಿ ‘ಬಳಸಿದ ಇತರ ಹೆಸರು’ ಎಂಬ ಜಾಗವಿದೆ, ಅಲ್ಲಿ ಹುಟ್ಟುಹೆಸರನ್ನು ಬರೆಯಲೇಬೇಕು.

ಇಂಗ್ಲಿಷ್ ಕಾಗುಣಿತವನ್ನೂ ನೋಡಿ. ಹೆಗಡೆ ಎಂಬುದನ್ನು ಒಂದು ಕಡೆ ನಡುವೆ ‘ಎ’ ಇಟ್ಟು, ಇನ್ನೊಂದು ಕಡೆ ಬಿಟ್ಟು ಬರೆದಿರುತ್ತಾರೆ. ಭಟ್ ಎಂಬುದಕ್ಕೆ ಒಂದು ‘ಟಿ’ಯೋ ಎರಡೋ. ನಿಮ್ಮ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಕನ್ನಡದ ಪ್ರತಿಯೊಂದು ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಮೊಹರಿನ ಅಕ್ಷರವೂ ಬಿಡದಂತೆ. ಅನುವಾದಕರು ‘ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣ ಮತ್ತು ಸರಿ’ ಎಂದು ಬರೆದು ಸಹಿ ಹಾಕಿದರೆ ಆಯಿತು, ನೋಟರಿ ಬೇಕಿಲ್ಲ.

ಕಾಳಿತೀರ_ಕಾರವಾರ:

ಕಾಗದದ ಮಾತು ಕುಮಟಾದವರು ಚೆನ್ನಾಗಿ ಹೇಳಿದ್ದಾರೆ. ನಾನು ಸರತಿಯ ಬಗ್ಗೆ ಹೇಳುತ್ತೇನೆ, ಇದನ್ನು ತಿಳಿಯದೆ ಯಾರೂ ಮನೆಯ ನಿರ್ಧಾರ ಮಾಡಬಾರದು.

ಒಡಹುಟ್ಟಿದವರ ವರ್ಗಕ್ಕೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ. ಹೆಂಡತಿ, ಮಕ್ಕಳೂ ಅದೇ ಲೆಕ್ಕದಲ್ಲಿ ಬರುತ್ತಾರೆ. ಮೇಲೆ ಪ್ರತಿ ದೇಶಕ್ಕೆ 7 ಶೇಕಡಾ ಮಿತಿ. ಹೀಗಾಗಿ, ಯಾವ ದಿನದವರೆಗಿನ ಅರ್ಜಿಗೆ ವೀಸಾ ಸಿಗುತ್ತಿದೆ ಎಂದು ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ತಿಳಿಸುವ 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಎಫ್4 ಸರತಿ 2006ರ ಅರ್ಜಿಗಳಲ್ಲಿ ನಡೆಯುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದಿನವು! ಇವತ್ತು ಹಾಕುವವರಿಗೆ ಅದಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಬೇಡಿ. ಸರತಿಯಲ್ಲಿ ನಿಮ್ಮ ಜಾಗ ನಿಲ್ಲುವುದು ಅರ್ಜಿ ತಲುಪಿದ ದಿನದಿಂದ, ಮಂಜೂರಾದ ದಿನದಿಂದ ಅಲ್ಲ. ಅದಕ್ಕೇ ‘ಮುಂದಿನ ವರ್ಷ ನೋಡೋಣ’ ಎಂದು ಕೂರಬಾರದು. ಆನ್‌ಲೈನ್‌ನಲ್ಲಿ ಅರ್ಜಿ ಶುಲ್ಕ 625 ಡಾಲರ್, ಕಾಗದದಲ್ಲಿ 675. 2024ರ ಏಪ್ರಿಲ್‌ನಿಂದ ಇದು ದರ. ಬೇಗ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ಈ ಸರತಿಯಲ್ಲಿ ಮುಂದೆ ನುಗ್ಗುವ ದಾರಿ ಯಾರ ಕೈಯಲ್ಲೂ ಇಲ್ಲ.

ಹೆಂಡತಿಗೂ ಮಕ್ಕಳಿಗೂ ಬೇರೆ ಐ-130 ಬೇಡ, ಅದೇ ಅರ್ಜಿಯಲ್ಲಿ ಅವರ ಹೆಸರು ಬರೆಯಬೇಕು. ಆದರೆ ಮಕ್ಕಳು ಮದುವೆ ಆಗಿರಬಾರದು, ವಯಸ್ಸು 21ರ ಒಳಗೆ ಇರಬೇಕು. ಇಲ್ಲಿ ಸಿಎಸ್‌ಪಿಎ ಎಂಬ ಕಾನೂನು ಸ್ವಲ್ಪ ಕಾಪಾಡುತ್ತದೆ: ವೀಸಾ ನಂಬರ್ ಬಂದಾಗಿನ (ಸರತಿ ಬಂದು ವೀಸಾ ಲಭ್ಯವಾದಾಗಿನ) ವಯಸ್ಸಿನಿಂದ, ಐ-130 ಮಂಜೂರಾಗದೆ ಬಾಕಿ ಇದ್ದ ಅವಧಿಯನ್ನು ಕಳೆಯುತ್ತಾರೆ. ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ನಂಬರ್ 18 ವರ್ಷಕ್ಕೆ ಬಂತು, ಅರ್ಜಿ 8 ವರ್ಷ ಬಾಕಿ ಇತ್ತು ಎಂದಿಟ್ಟುಕೊಳ್ಳಿ. ದೊಡ್ಡವನು ಆಗ 31, ಅದರಲ್ಲಿ 8 ಕಳೆದರೆ 23, ಅವನು ಹೊರಗೆ. ಚಿಕ್ಕವಳು 26, ಕಳೆದರೆ 18, ಅವಳು ಒಳಗೆ. ಸರತಿ 22 ವರ್ಷಕ್ಕೆ ಹಿಗ್ಗಿದರೆ ಅವಳೂ 30ರಲ್ಲಿ 8 ಕಳೆದು 22, ಹೊರಗೆ. ಹಾಗಾಗಿ ಅರ್ಜಿ ವರ್ಷಗಟ್ಟಲೆ ‘ಬಾಕಿ’ ತೋರಿಸಿದರೆ ಗಾಬರಿ ಆಗಬೇಡಿ, ತ್ವರಿತಗೊಳಿಸಿ ಎಂದು ಪತ್ರ ಬರೆಸಬೇಡಿ. ಬಾಕಿ ಇದ್ದಷ್ಟೂ ಮಕ್ಕಳಿಗೆ ಲಾಭ. ನಂಬರ್ ಬಂದ ಮೇಲೆ ಮಾತ್ರ ಒಂದು ವರ್ಷದೊಳಗೆ ಮಗುವಿನ ವೀಸಾ ಶುಲ್ಕ ಕಟ್ಟುವುದೋ ವಲಸೆ ವೀಸಾದ ಅರ್ಜಿ ಡಿಎಸ್-260 ತುಂಬುವುದೋ ಆಗಲೇಬೇಕು.

ದೊಡ್ಡವನ ಓದು, ಕೆಲಸವನ್ನು ಈ ಅರ್ಜಿಗೆ ತಳುಕು ಹಾಕದೆ ಯೋಜಿಸಿ. ಇದನ್ನು ಮಗನಿಗೆ ಈಗಲೇ ಹೇಳುವುದೇ ನ್ಯಾಯ.

ಇಷ್ಟು ಉದ್ದದ ದಾರಿಯಲ್ಲಿ ಅರ್ಜಿ ಸಾಯುವುದು ಎರಡು ಕಡೆ. ಅಕ್ಕ ಮನೆ ಬದಲಿಸಿ ವಿಳಾಸ ತಿಳಿಸದಿದ್ದರೆ ಹೆಚ್ಚುವರಿ ಪುರಾವೆ ಕೇಳುವ ನೋಟಿಸ್ ಹಳೆಯ ಮನೆಗೆ ಹೋಗಿ, ಉತ್ತರವಿಲ್ಲದೆ ಅರ್ಜಿ ತಿರಸ್ಕಾರವಾಗುತ್ತದೆ. ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ (ಸಂದರ್ಶನದವರೆಗೆ ಕಡತ ನೋಡಿಕೊಳ್ಳುವ ಅಮೆರಿಕದ ಕಚೇರಿ) ಹೋಗುತ್ತದೆ. ವೀಸಾ ಲಭ್ಯವೆಂದು ಸೂಚನೆ ಬಂದು ಒಂದು ವರ್ಷದಲ್ಲಿ ಮುಂದುವರಿಯದಿದ್ದರೆ ನೋಂದಣಿ ರದ್ದು. ಅರ್ಜಿಯಲ್ಲಿ ಅಕ್ಕನಿಗೆ ಅವಳ ಕಚೇರಿ ಕೊಟ್ಟ ಇಮೇಲ್ ಬೇಡ, ಕೆಲಸ ಬಿಟ್ಟರೆ ಹೋಗುತ್ತದೆ. ರಸೀತಿ ಪತ್ರ ಐ-797ರ ಪ್ರತಿ ಶಿರಸಿಯಲ್ಲೂ ಒಂದು ಇರಲಿ.

ಹೊನ್ನಾವರ_ಬಂದರು:

ದುಬೈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 16 ತುಂಬಿದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದವರು ಸಂದರ್ಶನಕ್ಕೆ ಆ ದೇಶದ ಪೊಲೀಸ್ ಪ್ರಮಾಣಪತ್ರ ತರಬೇಕು. ಭಟ್ಕಳ, ಹೊನ್ನಾವರ ಕಡೆ ಗಲ್ಫ್‌ನಲ್ಲಿ ದುಡಿದವರೆಲ್ಲರಿಗೂ ಇದು ಅನ್ವಯ. ಅಲ್ಲಿಂದ ಬಂದ ಮೇಲೆ ತೆಗೆಸಿದ್ದರೆ ಮತ್ತು ಆಮೇಲೆ ಹೋಗಿ ನೆಲೆಸಿಲ್ಲದಿದ್ದರೆ ಅದು ಹಳತಾಗುವುದಿಲ್ಲ. ಆದ್ದರಿಂದ ಹಳೆಯ ಎಮಿರೇಟ್ಸ್ ಐಡಿ, ವೀಸಾ ಪುಟ ಇರುವ ಪಾಸ್‌ಪೋರ್ಟ್ ಎಸೆಯಬೇಡಿ ಮಾರಾಯ್ರೆ, ಅವಿಲ್ಲದೆ ಅರ್ಜಿಯೇ ಕಷ್ಟ. ಭಾರತದ್ದು ಪಾಸ್‌ಪೋರ್ಟ್ ಕಚೇರಿಯಿಂದ ಬರುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್). ಊರಿನ ಠಾಣೆಯ ಪತ್ರ ನಡೆಯುವುದಿಲ್ಲ. ಅದು ಕೊನೆಯ ಹಂತದ್ದು, ಈಗ ಬೇಡ.

ಪ್ರವಾಸಿ ವೀಸಾದ ವಿಷಯ. ಅದರ ಅರ್ಜಿ ನಮೂನೆ ಡಿಎಸ್-160ರಲ್ಲಿ ‘ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ’ ಎಂಬ ಪ್ರಶ್ನೆ ಇದೆ. ಹೌದು ಎಂದೇ ಬರೆಯಬೇಕು. ಹೌದು ಎಂದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ ಎಂದಲ್ಲ, ಆದರೆ ವಾಪಸ್ ಬರುತ್ತೀರಿ ಎಂದು ನಂಬಿಸುವ ಹೊಣೆ ಹೆಚ್ಚುತ್ತದೆ: ತೋಟ, ಸೊಸೈಟಿ ವಹಿವಾಟು, ಮಕ್ಕಳ ಶಾಲೆ. ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ಸುಳ್ಳು ಹೇಳಿದ ಕಾರಣಕ್ಕೆ ಶಾಶ್ವತ ನಿರ್ಬಂಧ. ಅದರ ಮಾಫಿಗೆ ಅಮೆರಿಕದ ನಾಗರಿಕ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ ಇಲ್ಲವೇ ತಂದೆ ತಾಯಿ ಬೇಕು. ಅಕ್ಕ ಆ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕನ ಅರ್ಜಿಯನ್ನೇ ಅದು ಮುಳುಗಿಸುತ್ತದೆ. ನೀವು ಈಗಲೇ ಹೋಗಿಬರುವ ಮನಸ್ಸಿದ್ದರೆ ಮೊದಲು ಪ್ರವಾಸಿ ವೀಸಾ ಪಡೆದು ಆಮೇಲೆ ಐ-130 ಹಾಕುವವರೂ ಇದ್ದಾರೆ. ಕೆಲವು ತಿಂಗಳ ಸರತಿ ಹೋಗುತ್ತದೆ, ಅಷ್ಟೇ.

ತೋಟದಕೇರಿ_ಶಿರಸಿ:

ಅಕ್ಕನ ಆದಾಯ ಈಗ ತೋರಿಸಬೇಕೇ? ಅವಳಿಗೇನಾದರೂ ಆದರೆ?

ಕಾಳಿತೀರ_ಕಾರವಾರ:

ಈಗ ಬೇಡ. ಐ-864 ಎಂಬ ಬೆಂಬಲ ಪತ್ರ ಕೊನೆಯಲ್ಲಿ. ಅವಳ ಮನೆಯವರು ಮತ್ತು ಬರುವ ನೀವೆಲ್ಲ ಸೇರಿ ಎಷ್ಟು ತಲೆಯೋ ಅಷ್ಟಕ್ಕೆ ಬಡತನ ರೇಖೆಯ 125 ಶೇಕಡಾ ಆದಾಯ ಇರಬೇಕು. ಅವರು ನಾಲ್ವರು, ನೀವು ನಾಲ್ವರು ಎಂದಾದರೆ 2025ರ ದರದಲ್ಲಿ ಸುಮಾರು 67,700 ಡಾಲರ್. ಸಾಲದಿದ್ದರೆ ಇನ್ನೊಬ್ಬ ನಾಗರಿಕ ಅಥವಾ ಗ್ರೀನ್ ಕಾರ್ಡ್ ಇರುವವರು ಜೊತೆ ಸಹಿ ಹಾಕಬಹುದು. ಆಗ ಅವಳು ಅಮೆರಿಕದಲ್ಲೇ ನೆಲೆಸಿರಬೇಕು. ನಿವೃತ್ತಿಯಾಗಿ ಊರಿಗೆ ಬಂದು ಕುಳಿತರೆ ಪತ್ರ ನಡೆಯುವುದಿಲ್ಲ. ಇಪ್ಪತ್ತು ವರ್ಷದ ಮಾತಾದ್ದರಿಂದ ಇದನ್ನು ಅವಳ ಹತ್ತಿರ ಬಿಚ್ಚಿ ಮಾತಾಡಿ.

ಅರ್ಜಿದಾರರು ತೀರಿಕೊಂಡರೆ ಅರ್ಜಿ ತಾನಾಗಿ ರದ್ದಾಗುತ್ತದೆ. ಅಷ್ಟರೊಳಗೆ ಮಂಜೂರಾಗಿದ್ದರೆ ಮಾನವೀಯ ನೆಲೆಯಲ್ಲಿ ಮರುಜೀವ ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಮಂಜೂರಾತಿ ಬೇಗ ಬಂದರೆ ಇರುವ ಒಂದೇ ಲಾಭ ಇದು.

ಉತಾರ_ಕುಮಟಾ:

ಒಂದು ಬಿಟ್ಟುಹೋಯಿತು. ಸಂದರ್ಶನ ಮುಂಬೈಯ ಬಾಂದ್ರಾ ಕುರ್ಲಾದ ದೂತಾವಾಸದಲ್ಲಿ, ಅಲ್ಲಿ ಜನನ ಪ್ರಮಾಣಪತ್ರದ ಮೂಲಪ್ರತಿ ಕೇಳುತ್ತಾರೆ. ಐ-130ಕ್ಕೆ ಪ್ರತಿ ಮಾತ್ರ ಕಳಿಸಿ, ಮೂಲ ನಿಮ್ಮಲ್ಲೇ ಇರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕಪಾಟಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಲ್ಯಾಮಿನೇಶನ್ ಮಾಡಿಸಿದರೆ ಮೊಹರು, ಕಾಗದ ಪರೀಕ್ಷಿಸಲು ಆಗದು. ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಡಬ್ಬಿಗೆ ಹಾಕಿ. ಸಿದ್ದಾಪುರದಿಂದ ಅಕ್ಕನದ್ದು ಸಿಕ್ಕರೆ ಒಂದಲ್ಲ, ಮೂರು ದೃಢೀಕೃತ ಪ್ರತಿ ತೆಗೆಸಿಕೊಳ್ಳಿ.