ಮೇ ತಿಂಗಳ ನಲವತ್ತನೆಯ ದಿನ

ಮಕ್ಕಳಲ್ಲಿ ಕನ್ನಡ ಉಳಿಸುವುದು ಹೇಗೆ ಎಂಬ ಕಳೆದ ವಾರದ ಚರ್ಚೆಗೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ಒಂದು ಗಾದೆಯ ಮೂಲಕ ನನಗೆ ದಾರಿ ತೋರಿಸಿದವರು ಮ್ಯಾಡ್ರಿಡ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಸ್ಪ್ಯಾನಿಷ್ ಅಜ್ಜಿ.

ಒಂದು ಮೇ ಬೆಳಿಗ್ಗೆ ಬಿಸಿಲು ಕಂಡು ಮಗಳು ಸ್ವೆಟರ್ ಬಿಟ್ಟು ಶಾಲೆಗೆ ಹೊರಟಳು. ಮೆಟ್ಟಿಲಲ್ಲಿ ಎದುರಾದ ಅಜ್ಜಿ ಅವಳ ಬರಿದೋಳು ಮುಟ್ಟಿ, "ಅಸ್ತಾ ಎಲ್ ಕ್ವಾರೆಂತಾ ದೆ ಮಾಯೊ, ನೊ ತೆ ಕೀತೆಸ್ ಎಲ್ ಸಾಯೊ" ಎಂದರು. ಮೇ ನಲವತ್ತರವರೆಗೆ ಮೇಲಂಗಿ ಕಳಚಬೇಡ ಎಂದರ್ಥ. ಮೇ ತಿಂಗಳಿಗೆ ಮೂವತ್ತೊಂದೇ ದಿನವಲ್ಲವೇ ಎಂದು ಮಗಳು ಕೇಳಿದಳು. ಅಜ್ಜಿ ತರಕಾರಿ ಚೀಲ ಕೆಳಗಿಟ್ಟು ಬೆರಳು ಮಡಿಸುತ್ತ ಎಣಿಸಿದರು: ಜೂನ್ 1 ಎಂದರೆ ಮೂವತ್ತೆರಡು, ಜೂನ್ 9 ಎಂದರೆ ನಲವತ್ತು. ಅಂದು ಸಂಜೆ ಗ್ವಾದರ್ರಾಮಾ ಬೆಟ್ಟಗಳ ಕಡೆಯಿಂದ ಗಾಳಿ ಬೀಸಿದಾಗ ಮಗಳು ನನ್ನ ಶಾಲಿನೊಳಗೆ ಸೇರಿಕೊಂಡಳು.

ಸಾಯೊ ಎಂಬುದು ಹಳೆಯ ಕಾಲದ ಸಡಿಲ ಉಡುಪು. ಈಗ ಅದನ್ನು ಯಾರೂ ತೊಡುವುದಿಲ್ಲ, ಆದರೆ ಪದ ಗಾದೆಯೊಳಗೆ ಬೆಚ್ಚಗೆ ಬದುಕಿದೆ. ನಮ್ಮ 'ತೆನೆ ತೆನೆ ಕೂಡಿದರೆ ಬಳ್ಳ' ಥಟ್ಟನೆ ನೆನಪಾಯಿತು. ಬಳ್ಳದಲ್ಲಿ ಧಾನ್ಯ ಅಳೆಯುವವರು ಈಗ ಎಲ್ಲಿದ್ದಾರೆ? ಆ ಗಾದೆಯನ್ನು ನಾನು ಮಗಳಿಗೆ ಒಮ್ಮೆಯೂ ಹೇಳಿರಲಿಲ್ಲ ಎಂಬುದು ಅಂದು ನನ್ನನ್ನು ತುಂಬಾ ಕಾಡಿತು. ಭಾನುವಾರದ ಪಾಠಕ್ಕೆಂದು ಹತ್ತು ಗಾದೆ ಬರೆಸಿ ಬಾಯಿಪಾಠ ಮಾಡಿಸಿದ್ದೆ, ಒಂದೂ ಉಳಿದಿರಲಿಲ್ಲ. ಅಜ್ಜಿ ಒಂದೇ ಸಲ ಹೇಳಿದ್ದು ನಾಟಿತು, ಏಕೆಂದರೆ ಅದು ತಕ್ಕ ಹೊತ್ತಿಗೆ, ತೋಳು ಹಿಡಿದು ಬಂದ ಮಾತು. ಸ್ಪೇನಿನ ಹಳೆಯ ಕವಿ ಸಾಂತಿಯಾನಾ ಹೆಸರಿನಲ್ಲಿ 1508ರಲ್ಲಿ ಸೆವಿಲ್ಯಾದಲ್ಲಿ ಅಚ್ಚಾದ ಗಾದೆ ಸಂಗ್ರಹದ ಶೀರ್ಷಿಕೆಯೇ 'ಮುದುಕಿಯರು ಒಲೆಯ ಬಳಿ ಹೇಳುವ ಗಾದೆಗಳು' ಎಂದು. ಗಾದೆಯ ಜಾಗ ಅದೇ ಎಂದು ಈಗ ನಂಬಿದ್ದೇನೆ.

ಇನ್ನೊಂದು ಗಾದೆ ನೇರವಾಗಿ ನನಗೇ ಬಿತ್ತು. ಇಲ್ಲಿ ಮೂರು ತುಂಬುವ ವರ್ಷವೇ ಮಕ್ಕಳು ಶಿಶುಶಾಲೆಗೆ ಸೇರಬಹುದು, ಒಂದನೆಯ ತರಗತಿ ಆರು ತುಂಬುವ ವರ್ಷ. ಐದಕ್ಕೇ ಮೂರು ಭಾಷೆಯ ಅಕ್ಷರ ಬರಲಿ ಎಂದು ನಾನು ಅವಸರಪಡುತ್ತಿದ್ದಾಗ ಶಿಕ್ಷಕಿ ಹೇಳಿದರು: "ನೊ ಪೊರ್ ಮೂಚೊ ಮಾದ್ರುಗಾರ್, ಅಮಾನೆಸೆ ಮಾಸ್ ತೆಂಪ್ರಾನೊ." ನೀನು ಎಷ್ಟು ಬೇಗ ಎದ್ದರೂ ಬೆಳಕು ಬೇಗ ಹರಿಯದು. ಬೇಗ ಎದ್ದವನಿಗೆ ದೇವರ ನೆರವು ಎಂಬ ಗಾದೆಯೂ ಇವರಲ್ಲೇ ಇದೆ. ಎರಡರಲ್ಲಿ ಯಾವುದನ್ನು ಯಾವಾಗ ಹೇಳಬೇಕೆಂಬುದು ಹಿರಿಯರ ವಿವೇಕ. ಅಂದಿನಿಂದ ರಾತ್ರಿಯ ಅಕ್ಷರಾಭ್ಯಾಸ ಬಿಟ್ಟೆವು, ಆ ಹೊತ್ತಿಗೆ ಹಾಸನದಲ್ಲಿರುವ ನಮ್ಮ ಅಮ್ಮನೊಡನೆ ಮಾತು.

ಮೇಲಂಗಿಯ ಕಥೆ ಕೇಳಿ ಅಮ್ಮ ಬಹಳ ಹೊತ್ತು ನಕ್ಕು, "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದರು. ಮಾಯೊ-ಸಾಯೊ, ಭರಣಿ-ಧರಣಿ! ಎರಡು ಊರಿನ ಅಜ್ಜಿಯರೂ ಪ್ರಾಸ ಹಿಡಿದೇ ಹವಾಮಾನ ಹೇಳುತ್ತಾರೆ ಎಂದು ಮಗಳು ತಾನಾಗಿಯೇ ಕಂಡುಕೊಂಡಳು. ಮರುದಿನವೇ ಮೇಲಿನ ಅಜ್ಜಿಗೆ ಕಲಿಸಿಬಂದಳು. ಅವರ ಬಾಯಲ್ಲಿ ಅದು 'ಬರಾನಿ, ದರಾನಿ' ಆಗಿದೆ, ಆದರೆ ತಪ್ಪದೆ ಹೇಳುತ್ತಾರೆ.

ಈಗ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಮಗಳು ಎರಡೂ ಕಡೆಯ ಗಾದೆ ಬರೆಯುತ್ತಿದ್ದಾಳೆ. ಜೂನ್ 9ರ ಚೌಕದಲ್ಲಿ ಸಾಯೊ ಇದೆ. ಅದೇ ವಾರ ನಮ್ಮಲ್ಲಿ ಮೃಗಶಿರಾ ಮಳೆ ಹುಟ್ಟುತ್ತದೆ, ಪಕ್ಕದಲ್ಲಿ ಅದಕ್ಕೆಂದು ಜಾಗ ಬಿಟ್ಟಿದ್ದಾಳೆ. ನಿಮ್ಮ ಮನೆಯ ಹಿರಿಯರಿಗೆ ಆ ಮಳೆಯ ಗಾದೆ ಗೊತ್ತಿದ್ದರೆ ಕೇಳಿ ಬರೆಯಿರಿ, ಅವರು ಹೇಳಿದ ಹಾಗೆಯೇ.